ಪ್ರೋಬ್ ತೆಗೆದ ಮೇಲೆ

ಸಿಗ್ನಲ್ಲಿನಲ್ಲಿ ಕಾರು ಮತ್ತೆ ಆಫ್ ಆಯಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ಅವಳ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಹುಡುಕಿಕೊಂಡು ಹೋಗಿ, ಮತ್ತೆ ಚಾಪೆಯನ್ನು ತುಳಿಯಿತು. ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು. ಮಗಳು ಕೀಲಿ ತಿರುಗಿಸುತ್ತ, ರಸ್ತೆಯಿಂದ ಕಣ್ಣು ತೆಗೆಯದೆ, “ಅಮ್ಮ, ಅಲ್ಲಿ ಬ್ರೇಕಿಲ್ಲ. ಎಷ್ಟ್ ತುಳಿದ್ರೂ ಅದು ಚಾಪೆನೇ,” ಎಂದಳು. ನಾನೇನೂ ತುಳಿಯಲಿಲ್ಲ ಎಂದು ಅವಳು ಹೇಳಿದ್ದು ಅವಳಿಗೇ ನಂಬುವಂತಿರಲಿಲ್ಲ. “ಅಪ್ಪನ ಜೊತೆ ಬಂದ್ರೆ ಒಂದ್ಸಲಾನೂ ಆಫ್ ಆಗಲ್ಲ, ಗೊತ್ತಾ? ಅಪ್ಪ ಪಕ್ಕದಲ್ಲಿ ಕೂತು ಪೇಪರ್ ಓದ್ತಾರೆ. ನೀನು ನನ್ನ ಕಾಲು ನೋಡ್ತಾ ಇರ್ತೀಯ. ನೀನು ನೋಡಿದ ತಕ್ಷಣ ನನ್ನ ಕಾಲಿಗೆ ಕ್ಲಚ್ ಯಾವುದು ಅಂತ ಮರ್ತೇ ಹೋಗತ್ತೆ.” ತಾಯಿ ತಟ್ಟನೆ ಕಿಟಕಿಯಾಚೆ ಮುಖ ತಿರುಗಿಸಿದಳು. ತೊಡೆಯ ಮೇಲೆ ಚೀಲ, ಚೀಲದಲ್ಲಿ ಟವೆಲ್ಲು ಸುತ್ತಿದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವಳ ಎರಡೂ ಅಂಗೈ. ಮಗಳು ಹುಟ್ಟಿದ ಹೊಸತರಲ್ಲಿ, ಮಗು ಮಲಗಿದ್ದಾಗಲೆಲ್ಲ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಬರುತ್ತಿದೆಯೇ ಎಂದು ನೋಡುತ್ತಿದ್ದಳು. ಉಸಿರು ಬರುತ್ತಲೇ ಇರುತ್ತಿತ್ತು, ಬೆರಳು ತಾಗಿ ಮಗು ಎದ್ದು ಕಿರುಚಿಕೊಳ್ಳುತ್ತಿತ್ತು, ಗಂಡ ಇನ್ನೊಂದು ಕೋಣೆಯಿಂದ “ಉಸಿರಿದೆ ಅಂತ ಗೊತ್ತಾಯ್ತಲ್ಲ, ಇಡೀ ಬೀದಿಗೇ ಗೊತ್ತಾಯ್ತು,” ಎನ್ನುತ್ತಿದ್ದ. ಹಸಿರು ದೀಪ ಬಂತು. ಕಾರು ಒಂದೆರಡು ಸಲ ಮುಗ್ಗರಿಸಿ ಹೊರಟಿತು. ಅವಳು ಕಷ್ಟಪಟ್ಟು ಅಂಗಡಿಗಳ ಬೋರ್ಡುಗಳನ್ನು ಓದಿದಳು.

ಪೆಟ್ಟಿಗೆ ಎಂದರೆ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣದ್ದು. ಅಳತೆಯ ಯಂತ್ರಗಳಿಗೂ ಕಂಪ್ಯೂಟರಿಗೂ ನಡುವೆ ಕೂತು ಆ ಕಡೆಯ ಮಾತನ್ನು ಈ ಕಡೆಗೂ ಈ ಕಡೆಯ ಮಾತನ್ನು ಆ ಕಡೆಗೂ ಮುಟ್ಟಿಸುವುದು ಅದರ ಕೆಲಸ, ಮಾತು ಬಿಟ್ಟ ಇಬ್ಬರು ವಾರಗಿತ್ತಿಯರ ನಡುವೆ ಮನೆಯ ಹುಡುಗಿ ಓಡಾಡುವ ಹಾಗೆ. ಹುಡುಗಿ ನಡುವೆ ಎಲ್ಲಿಯೋ ನಿಂತುಬಿಟ್ಟರೆ ಇಬ್ಬರೂ ಅವಳನ್ನೇ ಬಯ್ಯುತ್ತಾರೆ. ಅವಳು ಅದನ್ನು ಮೊದಲು ಮಾಡಿದಾಗ ಅದಕ್ಕೆ ಎ ಎಂದು ಹೆಸರಿಟ್ಟಿದ್ದರು, ಅದು ವರ್ಷಗಟ್ಟಲೆ ಒಂದು ಮಾತೂ ಆಡದೆ ದುಡಿಯಿತು. ಪ್ಲಗ್ಗು ಸಡಿಲವಾಗುತ್ತದೆಂದು ದೂರು ಬಂದಾಗ ಬಿ ಮಾಡಿದಳು. ಒಣಹವೆಯ ದಿನ ಉಣ್ಣೆಯ ಸ್ವೆಟರು ಹಾಕಿಕೊಂಡವರು ಮುಟ್ಟಿದರೆ ಚಿಟ್ ಎಂದು ಕಿಡಿ ಹಾರಿ ಪೆಟ್ಟಿಗೆ ಮೂರ್ಛೆ ಹೋಗುತ್ತದೆಂದು ಗೊತ್ತಾದಾಗ ಸಿ ಮಾಡಿದಳು. ಆಮೇಲೆ ಒಳಗಿನ ಮುಖ್ಯ ಚಿಪ್ಪನ್ನು ಮಾಡುವವರು ಹಳೆಯ ಕಾರ್ಖಾನೆ ಮುಚ್ಚಿ ಹೊಸ ಕಾರ್ಖಾನೆಯಿಂದ, ಅದೇ ನಂಬರಿನಲ್ಲಿ, ಅದೇ ಬೆಲೆಗೆ ಕಳಿಸತೊಡಗಿದಾಗ, ಹೇಗೂ ಕೈ ಹಾಕಿದ್ದೇನಲ್ಲ ಎಂದು ಒಳಗಿನ ಇಡೀ ಸರ್ಕಿಟ್ ಬೋರ್ಡನ್ನು ಹೊಸದಾಗಿ ಬರೆದಳು. ಅದು ಡಿ. ಅವಳ ಕೈಯಿಂದ ಬಂದದ್ದರಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ. ಒಳಗಿನ ತಾಮ್ರದ ಗೆರೆಗಳು ಎಲ್ಲಿಯೂ ತಡವರಿಸದೆ ನುಣ್ಣಗೆ ಬಾಗಿ ಹೋಗುವುದನ್ನು ಅವಳು ಎಷ್ಟೋ ಸಲ, ಯಾರೂ ಇಲ್ಲದಾಗ, ಭೂತಗನ್ನಡಿ ಹಿಡಿದು ನೋಡಿದ್ದುಂಟು. “ಹೆತ್ತವರಿಗೆ ಹೆಗ್ಗಣ ಮುದ್ದು,” ಎಂದಿದ್ದ ಗಂಡ. ಹೆಗ್ಗಣ ಈಗ ಕೈ ಕೊಡುತ್ತಿತ್ತು. ಒಂದು ಸಂಶೋಧನಾ ಸಂಸ್ಥೆಯ ಅಳತೆಯ ಲ್ಯಾಬು ಕೋಣೆ ತುಂಬ ಡಿ ಪೆಟ್ಟಿಗೆಗಳನ್ನು ಕೊಂಡಿತ್ತು, ಅವುಗಳಲ್ಲಿ ಒಂದಲ್ಲ ಒಂದು, ಗಂಟೆಗಟ್ಟಲೆ ನಡೆಯುವ ಅಳತೆಯ ನಡುವೆ, ಕಾರಣವಿಲ್ಲದೆ ಸುಮ್ಮನಾಗಿಬಿಡುತ್ತಿತ್ತು, ಅವರ ಮಾತಿನಲ್ಲಿ ಬೀಳುತ್ತಿತ್ತು. ಇವತ್ತು ಕೊನೆಯ ಅವಕಾಶ. ಅವಳೇ ತಂದ ಪೆಟ್ಟಿಗೆ ಲ್ಯಾಬಿನಲ್ಲಿ ಒಂದು ಪೂರ್ತಿ ಅಳತೆಯನ್ನು ಬೀಳದೆ ಮುಗಿಸಬೇಕು. ಬಿದ್ದರೆ ಎಲ್ಲ ಪೆಟ್ಟಿಗೆಗಳೂ ವಾಪಸು. ಡಿ ನಂತರ ಇನ್ನಾವ ಅಕ್ಷರವೂ ಇಲ್ಲವೆಂದು ಅವಳು ಕೆಲಸ ಮಾಡುವ ಕಾರ್ಖಾನೆಯ ಯಜಮಾನರು ಹೇಳಿಯಾಗಿತ್ತು, ಮತ್ತು ಅವಳಿಗೆ, ಬಹಳ ಮರ್ಯಾದೆಯಿಂದ, ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವ ವಿಭಾಗದಲ್ಲಿ ಕಿಟಕಿ ಪಕ್ಕದ ಒಂದು ಮೇಜನ್ನೂ ತೋರಿಸಿದ್ದರು. ಕಿಟಕಿ ಚೆನ್ನಾಗಿಯೇ ಇತ್ತು.

ಮಗಳು ಅವಳನ್ನು ಇಳಿಸಿ ಹೋದ ಸಂಸ್ಥೆಯ ಗೇಟಿನಲ್ಲಿ ರೀಸ್ಟಾರ್ಟ್ ಕಾಯುತ್ತಿದ್ದ. ಪೆಟ್ಟಿಗೆಯೊಳಗಿನ ಪ್ರೋಗ್ರಾಮನ್ನು ಬರೆಯುವವನು ಅವನು. ಯಾರು ಯಾವ ತೊಂದರೆ ಹೇಳಿಕೊಂಡು ಹೋದರೂ ಮೊದಲು ‘ರೀಸ್ಟಾರ್ಟ್ ಮಾಡಿ’ ಎಂಬುದೊಂದನ್ನೇ ಹೇಳುವುದರಿಂದ ಕಾರ್ಖಾನೆಯಲ್ಲಿ ಆ ಹೆಸರು ಬಿದ್ದಿತ್ತು, ಈಗ ಅವನ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆಂದು ಅವನೇ ಹೇಳಿಕೊಳ್ಳುತ್ತಿದ್ದ. ದಪ್ಪನೆಯ ಮನುಷ್ಯ, ಅವಳದೇ ವಯಸ್ಸು, ಕೈಯಲ್ಲಿ ಯಾವಾಗಲೂ ಒಂದು ಫ್ಲಾಸ್ಕು. ಇವತ್ತು ಫ್ಲಾಸ್ಕಿನ ಜೊತೆ ಒಂದು ಕಾಗದದ ಪೊಟ್ಟಣವೂ ಇತ್ತು. “ಟೊಮೆಟೊ,” ಎಂದ. “ಮನೆಗೆ ತಗೊಂಡ್ ಹೋಗಿ. ಮೂರನೇ ಕೊಯ್ಲು.” ಅವಳು ಪೊಟ್ಟಣ ತೆಗೆದುಕೊಂಡಾಗ ಕೈ ಸುಟ್ಟಂತಾಯಿತು. ಯಜಮಾನರ ಕೋಣೆಯಲ್ಲಿ ಎಲ್ಲರೆದುರು, ಬೋರ್ಡಿನಲ್ಲಿ ಏನೂ ತಪ್ಪಿಲ್ಲ, ನನ್ನ ಪರೀಕ್ಷೆಯ ಬೆಂಚಿನ ಮೇಲೆ ವಾರಗಟ್ಟಲೆ ಒಂದು ಸಲವೂ ಬಿದ್ದಿಲ್ಲ, ಪ್ರೋಗ್ರಾಮಿನಲ್ಲಿರಬೇಕು ಎಂದು ಅವಳು ಹೇಳಿದ್ದಳು. ಹೇಳುವಾಗ ಅವನ ಕಡೆ ನೋಡಿರಲಿಲ್ಲ, ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿಯನ್ನು ನೋಡಿದ್ದಳು. ಅವನು ಆಗಲಿ ಎಂದು ತಲೆಯಾಡಿಸಿ, ಎಲ್ಲವನ್ನೂ ಹೊಸದಾಗಿ ಬರೆಯಲು ಮೂರು ವಾರ ಮನೆಯಿಂದಲೇ ಕೆಲಸ ಮಾಡಿದ್ದ. ಹೊಸ ಪ್ರೋಗ್ರಾಮು ಬಂತು, ಪೆಟ್ಟಿಗೆ ಹಾಗೆಯೇ ಬಿದ್ದಿತು. ಅದಕ್ಕೂ ಮೊದಲು ಅವಳು ಲ್ಯಾಬಿನವರ ತಂತಿಯನ್ನು, ಅವರ ಟ್ಯೂಬ್‌ಲೈಟನ್ನು, ಅವರ ಲಿಫ್ಟನ್ನು ದೂರಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಯಾರೂ ಅವಳೆದುರು ಹೇಳಿರಲಿಲ್ಲ, ಆದರೆ ಕಾರಿಡಾರಿನಲ್ಲಿ ಎದುರಾದವರ ನಗುವಿನಲ್ಲಿ ಅವಳು ಅದನ್ನು ಓದಿಕೊಳ್ಳುತ್ತಿದ್ದಳು. ಮೆಟ್ಟಿಲು ಹತ್ತುವಾಗ ಈಗಲಾದರೂ ಅವನಿಗೆ ಹೇಳಿಬಿಡಬೇಕು ಎಂದುಕೊಂಡಳು. ಅಷ್ಟರಲ್ಲಿ ಅವನು ಏದುಸಿರು ಬಿಡುತ್ತ ಗೊಬ್ಬರದ ವಿಷಯ ಮಾತಾಡತೊಡಗಿದ್ದ.

ಲ್ಯಾಬಿನ ಮುಖ್ಯಸ್ಥೆಯನ್ನು ಅವರಿಬ್ಬರೂ ತಮ್ಮೊಳಗೆ ಅಳತೆಯಮ್ಮ ಎನ್ನುತ್ತಿದ್ದರು. ಎತ್ತರದ ಹೆಂಗಸು, ಬಿಳಿ ಕೋಟು, ಮಾತನ್ನೂ ತೂಕ ಮಾಡಿ ಕೊಡುವ ಸ್ವಭಾವ. ಕೋಣೆ ತಣ್ಣಗಿತ್ತು, ಸಾಲಾಗಿ ಜೋಡಿಸಿದ ಯಂತ್ರಗಳು ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿದ್ದವು, ಕಪಾಟಿನ ಒಂದು ಹಲಗೆಯ ತುಂಬ ಡಿ ಪೆಟ್ಟಿಗೆಗಳು ಶಿಕ್ಷೆಗೆ ನಿಲ್ಲಿಸಿದವರಂತೆ ಗೋಡೆಗೆ ಮುಖ ಮಾಡಿದ್ದವು. ಹತ್ತಿರ ಹೋದಾಗ ಅವುಗಳ ಮೇಲೆ ಲ್ಯಾಬಿನವರು ಚೀಟಿ ಅಂಟಿಸಿದ್ದು ಕಂಡಿತು. ಒಂದರ ಮೇಲೆ ‘ಇದರ ಮುಂದೆ ಸೀನಬೇಡಿ’ ಎಂದು. ಇನ್ನೊಂದರ ಮೇಲೆ ‘ಸೋಮವಾರ ಮೂಡ್ ಇರುವುದಿಲ್ಲ’ ಎಂದು. ಅಳತೆಯಮ್ಮ ಅದನ್ನು ಓದುತ್ತಿದ್ದವಳನ್ನು ನೋಡಿ, ಕಿತ್ತುಹಾಕಲು ಹೇಳಿದ್ದೆ, ಮರೆತಿದ್ದಾರೆ ಎಂದು ಗಂಭೀರವಾಗಿ ಹೇಳಿದರು. ಅವಳು ನಕ್ಕಳು. ನಗು ಕೆಮ್ಮಾಗಿ ಮುಗಿಯಿತು. ರೀಸ್ಟಾರ್ಟ್ ಮಾತ್ರ ಹೊಟ್ಟೆ ಕುಲುಕಿಸಿ ನಕ್ಕು, ಸೀನುವ ಚೀಟಿಯ ಅಕ್ಷರ ಯಾರದು, ಬಹಳ ಚೆನ್ನಾಗಿದೆ ಎಂದ.

ಟವೆಲ್ಲು ಬಿಚ್ಚಿ ತನ್ನ ಪೆಟ್ಟಿಗೆಯನ್ನು ಜೋಡಿಸಿದಳು. ಅಳತೆ ಶುರುವಾಯಿತು. ಪರದೆಯ ಮೇಲೆ ಸಂಖ್ಯೆಗಳು ಒಂದರ ಕೆಳಗೊಂದು ಬಂದು ಕೂತವು. ಅವಳು ಮೈಯೆಲ್ಲ ಕಣ್ಣಾಗಿ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಸಂಖ್ಯೆ ಬರಬೇಕಾಗಿದ್ದ ಜಾಗದಲ್ಲಿ ಏನೂ ಬರಲಿಲ್ಲ. ಅವಳು ಕಾದಳು. ಪೆಟ್ಟಿಗೆಯ ಮುಂದಿನ ಹಸಿರು ದೀಪ ಮಿಟುಕುವುದನ್ನು ಬಿಟ್ಟು ನೆಟ್ಟಗೆ ಉರಿಯುತ್ತಿತ್ತು, ಏನೂ ಆಗಿಲ್ಲವೆಂಬಂತೆ, ಬಹಳ ಮುಗ್ಧವಾಗಿ. “ಬಿತ್ತು,” ಎಂದರು ಅಳತೆಯಮ್ಮ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಗಡಿಯಾರ ನೋಡಿಕೊಂಡರು, ಮಧ್ಯಾಹ್ನ ಊಟದ ಹೊತ್ತಿನ ತನಕ ಪೆಟ್ಟಿಗೆ ನಿಮ್ಮದು, ಆಮೇಲೆ ನಮ್ಮ ಅಳತೆ ಶುರು ಮಾಡುತ್ತೇವೆ, ಅದು ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ ಎಂದು ಹೇಳಿ ತಮ್ಮ ಮೇಜಿಗೆ ಹೋದರು. ಅವಳಿಗೆ ಕಿಟಕಿ ಪಕ್ಕದ ಆ ಮೇಜು ಕಣ್ಣಿಗೆ ಕಟ್ಟಿತು, ಅದರ ಮೇಲಿನ ಲೋಟವೂ ಲೋಟದಲ್ಲಿ ಚೂಪು ಮಾಡಿಟ್ಟ ಪೆನ್ಸಿಲ್ಲುಗಳೂ ಕಂಡವು. ರೀಸ್ಟಾರ್ಟ್ ಪಿಸುದನಿಯಲ್ಲಿ “ಒಂದ್ಸಲ ರೀಸ್ಟಾರ್ಟ್…” ಎಂದು ಶುರುಮಾಡಿ, ಅವಳ ಮುಖ ನೋಡಿ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ.

ಮುಚ್ಚಳ ಬಿಚ್ಚಿದಳು. ಚೀಲದಿಂದ ತನ್ನ ಪ್ರೋಬನ್ನು ತೆಗೆದಳು. ಪೆನ್ನಿನಂಥ ಕಡ್ಡಿ, ತುದಿಯಲ್ಲಿ ಸಣ್ಣ ಕೊಕ್ಕೆ, ಬಾಲದಲ್ಲಿ ಉದ್ದನೆಯ ತಂತಿ. ತಂತಿಯ ಇನ್ನೊಂದು ತುದಿಯನ್ನು ಅಲೆ ತೋರಿಸುವ ಸ್ಕೋಪಿಗೆ ಸಿಕ್ಕಿಸಿದರೆ, ಕೊಕ್ಕೆ ಹಿಡಿದಿರುವ ಜಾಗದಲ್ಲಿ ವಿದ್ಯುತ್ತು ಏನು ಮಾಡುತ್ತಿದೆಯೆಂದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಬೆರಳು ತಾಗಿ ತಾಗಿ ಅದರ ಹಿಡಿ ನುಣುಪಾಗಿತ್ತು. ಚಿಪ್ಪಿನ ಕಾಲೊಂದರಿಂದ ಹೊರಟು ನುಣ್ಣಗೆ ಬಾಗಿ ಪ್ಲಗ್ಗಿನವರೆಗೆ ಹೋಗುವ ಆ ಮುಖ್ಯ ಗೆರೆಗೆ, ಯಾವಾಗಲೂ ಸಿಕ್ಕಿಸುವ ಜಾಗದಲ್ಲೇ, ಕೊಕ್ಕೆ ಸಿಕ್ಕಿಸಿದಳು. ಪೆಟ್ಟಿಗೆ ನಡೆಯಿತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಸಂಖ್ಯೆಗಳು ಬಂದವು, ಮತ್ತೆ ಬಂದವು, ರೀಸ್ಟಾರ್ಟ್ ಫ್ಲಾಸ್ಕಿನ ಒಂದು ಲೋಟ ಮುಗಿಸಿ ಇನ್ನೊಂದು ಬಗ್ಗಿಸಿಕೊಂಡ, ಪೆಟ್ಟಿಗೆ ನಡೆಯುತ್ತಲೇ ಇತ್ತು. ಸ್ಕೋಪಿನ ಗೆರೆಯಲ್ಲಿ ಹುಳುಕೇನೂ ಇರಲಿಲ್ಲ. ನಿಟ್ಟುಸಿರು ಬಿಟ್ಟು ಕೊಕ್ಕೆ ತೆಗೆದಳು. ಎರಡು ಸಾಲು ಸಂಖ್ಯೆ ಬಂದು ಪೆಟ್ಟಿಗೆ ಬಿದ್ದಿತು. ಸಿಕ್ಕಿಸಿದಳು, ನಡೆಯಿತು. ತೆಗೆದಳು, ಬಿದ್ದಿತು. “ಕೈ ಹಿಡಿದ್ರೆ ಮಾತ್ರ ನಡೆಯೋ ವಯಸ್ಸು ಅದಕ್ಕೆ,” ಎಂದ ರೀಸ್ಟಾರ್ಟ್. ಅಳತೆಯಮ್ಮ ಎದ್ದು ಬಂದು ಹಿಂದೆ ನಿಂತಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅವಳು ಅವರ ಕಡೆ ತಿರುಗಿ, ನಾಚಿಕೆಯನ್ನು ಬದಿಗಿಟ್ಟು, “ಪ್ರೋಬ್ ಹೀಗೇ ಬಿಟ್ಟು ಅಳತೆ ಮಾಡಿದ್ರೆ…” ಎಂದು ಕೇಳಿದಳು, ಕೇಳುವಾಗಲೇ ಕಿವಿ ಬಿಸಿಯಾಯಿತು. ಅಳತೆಯಮ್ಮ ಬಗ್ಗಿ ಕೊಕ್ಕೆಯನ್ನು ನೋಡಿದರು. “ನಾನು ಪೆಟ್ಟಿಗೆ ತಗೊಂಡಿದ್ದು,” ಎಂದರು. “ನಿಮ್ಮನ್ನ ತಗೊಂಡಿಲ್ಲ.”

ಅದು ಹೊಡೆತದಂತೆ ಬಿತ್ತು, ಆದರೆ ಬಿದ್ದ ಜಾಗದಲ್ಲಿ ನೋವಾಗುವ ಬದಲು ಏನೋ ಸದ್ದಾಯಿತು. ಅವಳು ಕೊಕ್ಕೆಯನ್ನು ಬೆರಳಲ್ಲಿ ಹಿಡಿದು ಹಾಗೆಯೇ ಕೂತಳು. ತನ್ನ ಬೆಂಚು ಕಣ್ಣ ಮುಂದೆ ಬಂತು, ವಾರಗಟ್ಟಲೆ ಒಂದು ಸಲವೂ ಬೀಳದಿದ್ದ ಬೆಂಚು. ಅಲ್ಲಿ ಪೆಟ್ಟಿಗೆ ನಡೆಯುತ್ತಿದ್ದಷ್ಟು ದಿನವೂ ಅವಳು ಕೊಕ್ಕೆ ತೆಗೆದಿರಲಿಲ್ಲ. ಊಟಕ್ಕೆ ಹೋದಾಗಲೂ, ಮನೆಗೆ ಹೋದಾಗಲೂ ಅದು ಅಲ್ಲೇ ಇತ್ತು, ತಪ್ಪು ನಡೆದ ಕ್ಷಣದಲ್ಲಿ ತಾನಿಲ್ಲದೆ ಹೋದೇನೆಂಬ ಭಯಕ್ಕೆ. ಉಳಿದವರ ಬೆಂಚಿನಲ್ಲಿ ಪರೀಕ್ಷೆಗೆ ಬಿಟ್ಟ ಪೆಟ್ಟಿಗೆ ತನ್ನ ಪಾಡಿಗೆ ತಾನಿರುತ್ತದೆ. ಅವಳದರಲ್ಲಿ ಮಾತ್ರ ಕಾವಲು. ಮಗು, ಮೂಗು, ಬೆರಳು. ಪ್ರೋಬ್ ಬರಿಯ ಕಣ್ಣಲ್ಲ. ಅದಕ್ಕೂ ಒಂದು ತೂಕವಿದೆ, ವಿದ್ಯುತ್ತಿಗೆ ಮಾತ್ರ ತಿಳಿಯುವ ತೂಕ, ಓಡುವವನ ಅಂಗಿಯ ಚುಂಗು ಹಿಡಿದರೆ ಎಷ್ಟೋ ಅಷ್ಟು. ಕಾಲೇಜಿನ ಮೊದಲ ವರ್ಷದಲ್ಲೇ ಅದನ್ನು ಹೇಳಿಕೊಟ್ಟಿದ್ದರು, ಅವಳೇ ಎಷ್ಟೋ ಹೊಸಬರಿಗೆ ಹೇಳಿಕೊಟ್ಟಿದ್ದಳು. ಹಾಗಾದರೆ ಹೊಸ ಕಾರ್ಖಾನೆಯ ಈ ಚಿಪ್ಪು ಹಳೆಯದಕ್ಕಿಂತ ಜೋರಾಗಿ ಓಡುತ್ತಿದೆ. ಯಾರೂ ಕೇಳದಿದ್ದರೂ ಅದು ಚುರುಕಾಗಿದೆ. ಬಾಗಿಲನ್ನು ಧಡಾರನೆ ಹಾಕಿದರೆ ಅದು ಚೌಕಟ್ಟಿಗೆ ಬಡಿದು ಒಂದಿಷ್ಟು ಹಿಂದಕ್ಕೆ ಬಂದು ಮತ್ತೆ ಬಡಿಯುತ್ತದಲ್ಲ, ಒಳಗಿರುವವರು ಯಾರೋ ಎರಡು ಸಲ ತಟ್ಟಿದರು ಎಂದುಕೊಳ್ಳುತ್ತಾರೆ, ಅದೇ ಆಗುತ್ತಿತ್ತು. ಒಂದು ಮಾತನ್ನು ಯಂತ್ರ ಎರಡಾಗಿ ಕೇಳಿಸಿಕೊಂಡು, ತಬ್ಬಿಬ್ಬಾಗಿ, ಸುಮ್ಮನಾಗುತ್ತಿತ್ತು. ಅವಳು ಪ್ರೋಬ್ ಸಿಕ್ಕಿಸಿದಾಗಲೆಲ್ಲ ಬಾಗಿಲು ಮೆತ್ತಗೆ ಹಾಕಿಕೊಳ್ಳುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ತಂತಿಯಲ್ಲ, ಟ್ಯೂಬ್‌ಲೈಟಲ್ಲ, ಪ್ರೋಗ್ರಾಮಲ್ಲ. ಬೋರ್ಡು ಅವಳದು, ಪರೀಕ್ಷೆ ಅವಳದು, ಎರಡೂ ಕಡೆ ಅವಳೇ. ತಪ್ಪು ಪೂರ್ತಿ ತನ್ನದೇ ಎಂದು ಗೊತ್ತಾದಾಗ ಹೊಟ್ಟೆಯ ಆಳದಿಂದ ಏಳುತ್ತಿರುವುದು ಅವಮಾನವಲ್ಲ, ಶುದ್ಧ ಸಂತೋಷ ಎಂಬುದು ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಇಷ್ಟು ದಿನ ಗಾಳಿಯ ಜೊತೆ ಗುದ್ದಾಡಿದ್ದಳು, ಈಗ ಕೈಗೆ ಏನೋ ಸಿಕ್ಕಿತ್ತು. ಅವಳಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು.

“ಬ್ಲೇಡ್ ಇದೆಯಾ?” ಎಂದು ಕೇಳಿದಳು. ಅಳತೆಯಮ್ಮ ಬ್ಲೇಡು ಕೊಟ್ಟರು, ಬೆಸುಗೆಯ ಕಡ್ಡಿಯನ್ನು ಕಾಯಿಸಲು ಇಟ್ಟರು, ಯಾಕೆ ಎಂದು ಕೇಳಲಿಲ್ಲ. ಚಿಪ್ಪಿಗೂ ಪ್ಲಗ್ಗಿಗೂ ನಡುವೆ, ಚಿಪ್ಪಿನ ಬುಡದಲ್ಲೇ, ಒಂದು ರೆಸಿಸ್ಟರ್ ಕೂರಿಸಬೇಕು, ಎಳ್ಳುಕಾಳಿನಷ್ಟರದ್ದು; ಓಟವನ್ನು ತಡೆಯುವುದಿಲ್ಲ, ಸ್ವಲ್ಪ ನಿಧಾನ ಎನ್ನುತ್ತದೆ, ಅಷ್ಟೆ. ಅಂಥವನ್ನು ಸಾಲಾಗಿ ಅಂಟಿಸಿದ ಒಂದು ಕಾಗದದ ಪಟ್ಟಿ ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಕೂರಿಸಬೇಕಾದರೆ ಮೊದಲು ಗೆರೆಯನ್ನು ಕಡಿಯಬೇಕು. ಭೂತಗನ್ನಡಿಯ ಕೆಳಗೆ ಆ ಬಾಗು, ಅವಳ ಹೆಮ್ಮೆಯ ಬಾಗು, ಬೆಳಕಿನಲ್ಲಿ ಹೊಳೆಯಿತು. ಅದನ್ನು ಎಳೆದ ದಿನ ಅವಳು ಮನೆಗೆ ಹೋಗಿ ಎಲ್ಲರಿಗೂ ತೋರಿಸಿದ್ದಳು, ಮಗಳು “ಇದು ಗೆರೆ ತಾನೇ?” ಎಂದಿದ್ದಳು. ಬ್ಲೇಡಿನ ಮೂಲೆಯನ್ನು ಇಟ್ಟು ಒತ್ತಿದಳು. ತಾಮ್ರ ಸಣ್ಣಗೆ ಸುರುಳಿಯಾಗಿ ಎದ್ದಿತು. ಅದಕ್ಕೂ ನೋವಾಗಲಿಲ್ಲ, ಅವಳಿಗೂ ಆಗಲಿಲ್ಲ. ರೀಸ್ಟಾರ್ಟ್ ಉಸಿರು ಬಿಗಿಹಿಡಿದು ಟಾರ್ಚು ಹಿಡಿದಿದ್ದ, ಅವನು ಉಸಿರು ಬಿಟ್ಟರೆ ರೆಸಿಸ್ಟರು ಹಾರಿಹೋಗುವಂತಿತ್ತು. ತಲೆ ಎತ್ತದೆ, ಚಿಮಟದಲ್ಲಿ ಆ ಕಾಳನ್ನು ಹಿಡಿದುಕೊಂಡೇ, ಅವಳು ಹೇಳಿದಳು: “ನಿಮ್ ಪ್ರೋಗ್ರಾಮಲ್ಲಿ ಏನೂ ತಪ್ಪಿರ್ಲಿಲ್ಲ. ಎಲ್ಲರೆದುರು ಸುಮ್ಸುಮ್ನೆ ನಿಮ್ಮ ಹೆಸರು ಹೇಳ್ದೆ. ಮೂರು ವಾರ ನಿಮ್ಮನ್ನ…”

“ಬೆಸುಗೆ ಹಾಕಿ ಮೊದ್ಲು. ಆರೋಗತ್ತೆ,” ಎಂದ ಅವನು.

ಅವಳು ಹಾಕಿದಳು. ತವರ ಕರಗಿ, ಮಿನುಗಿ, ಗಟ್ಟಿಯಾಯಿತು. “ನಂಗೊತ್ತಿತ್ತು,” ಎಂದ ಅವನು ಈಗ ಉಸಿರು ಬಿಟ್ಟು. “ಪ್ರೋಗ್ರಾಮಲ್ಲಿ ತಪ್ಪಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ತಪ್ಪಿಲ್ಲದ್ದನ್ನ ಏನಂತ ತಿದ್ದೋದು? ಎರಡೇ ಎರಡು ಸಾಲು ಆಚೀಚೆ ಮಾಡಿ ತಂದೆ. ಆ ಮೂರು ವಾರ ಟೆರೇಸ್ ಮೇಲೆ ಟೊಮೆಟೊ ಹಾಕ್ದೆ.” ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವನ ದುಂಡು ಮುಖದಲ್ಲಿ ವ್ಯಂಗ್ಯದ ಒಂದು ಎಳೆಯೂ ಇರಲಿಲ್ಲ. “ನಿಮ್ ದಯೆಯಿಂದ ನನ್ ಹೆಂಡ್ತಿ ನನ್ನ ಜೊತೆ ಸಾಯಂಕಾಲ ಟೆರೇಸಿಗೆ ಬರೋಕೆ ಶುರು ಮಾಡಿದ್ಲು. ಇನ್ನೊಂದ್ಸಲ ಯಾವಾಗ ಬಯ್ತೀರಿ ಹೇಳಿ, ಬದನೆ ಹಾಕ್ಬೇಕು ಅಂತಿದಾಳೆ.” ತಿಂಗಳುಗಟ್ಟಲೆ ಅವಳು ಹೊತ್ತು ತಿರುಗಿದ ಮೂಟೆಯೊಳಗೆ ಅವನು ನೆರಳಲ್ಲಿ ಕೂತು ತರಕಾರಿ ಬೆಳೆಯುತ್ತಿದ್ದ. ಅವಳಿಗೆ ಸಿಟ್ಟು ಬರಬೇಕಾಗಿತ್ತು. ಅದರ ಬದಲು ನಗು ಬಂತು, ಲ್ಯಾಬಿನ ಆ ತಣ್ಣನೆಯ ಶಿಸ್ತಿನ ಕೋಣೆಯಲ್ಲಿ ತಡೆಯಲಾರದ ನಗು, ಚಿಮಟ ಕೈಜಾರಿ ಬಿತ್ತು. ಯಂತ್ರಗಳ ಮುಂದೆ ಕೂತವರು ತಿರುಗಿ ನೋಡಿದರು. ಅಳತೆಯಮ್ಮ ಚಿಮಟ ಎತ್ತಿ ಮೇಜಿನ ಮೇಲಿಟ್ಟರು.

ಮುಚ್ಚಳ ಹಾಕಿದರು. ಊಟದ ಹೊತ್ತಾಗಿತ್ತು. ಅವಳು ಕುರ್ಚಿ ಎಳೆದುಕೊಂಡು ಪೆಟ್ಟಿಗೆಯೆದುರು ಕೂರಲು ಹೋದಾಗ ಅಳತೆಯಮ್ಮ ಬಾಗಿಲು ತೋರಿಸಿದರು. “ನೀವು ಹೊರಗೆ ಹೋಗಿ. ಇಬ್ರೂ. ಆ ಕೊಕ್ಕೆ ಕಡ್ಡಿನೂ ತಗೊಂಡ್ ಹೋಗಿ.” ಬರೀ ದೂರದಿಂದ ನೋಡುತ್ತಿರುತ್ತೇನೆ, ಏನನ್ನೂ ಮುಟ್ಟುವುದಿಲ್ಲ ಎಂದಳು. “ನೋಡ್ತಾ ನೋಡ್ತಾ ಏನೋ ಒಂದು ಹಿಡ್ಕೊಂಡಿರ್ತೀರಿ,” ಎಂದರು ಅಳತೆಯಮ್ಮ. ಬಾಗಿಲು ಮುಚ್ಚಿಕೊಂಡಿತು, ಮೆತ್ತಗೆ. ರೀಸ್ಟಾರ್ಟ್ ಕ್ಯಾಂಟೀನಿನ ವಾಸನೆ ಹಿಡಿದು ಹೋದ. ಅವಳು ಕೆಳಗಿಳಿದು ಅಂಗಳದಲ್ಲಿ, ಲ್ಯಾಬಿನ ಕಿಟಕಿ ಕಾಣುವ ಬೆಂಚಿನ ಮೇಲೆ, ಪ್ರೋಬಿನ ತಂತಿಯನ್ನು ಕೈಗೆ ಸುತ್ತಿಕೊಂಡು ಕೂತಳು. ಕಿಟಕಿಯಲ್ಲಿ ಆಕಾಶ ಮಾತ್ರ ಕಂಡಿತು. ಈಗ ಬಿದ್ದಿರಬಹುದು, ಎಂದುಕೊಂಡಳು. ಅಥವಾ ಈಗ. ರೆಸಿಸ್ಟರು ಒಂದಿಷ್ಟು ದೊಡ್ಡದಿರಬೇಕಾಗಿತ್ತೇ. ಬೆಸುಗೆಯ ಎಡಬದಿ ನಿಜವಾಗಿ ಹಿಡಿಯಿತೇ, ಇಲ್ಲ ನಗುವಿನಲ್ಲಿ ಕೈ ಅಲುಗಿತೇ. ಮೇಲೆ ಹೋಗಿ ಬಾಗಿಲಿಗೆ ಕಿವಿಯಿಡಬಹುದು. ಕಿವಿಯಿಟ್ಟು ಏನು ಕೇಳುವುದು, ಹಸಿರು ದೀಪಕ್ಕೆ ಸದ್ದಿಲ್ಲ. ಬಲಗಾಲು ಬೆಂಚಿನ ಕೆಳಗಿನ ಮಣ್ಣನ್ನು ತುಳಿಯುತ್ತಿತ್ತು. ಅದನ್ನು ಅವಳು ನೋಡಿದಳು, ಯಾರದೋ ಕಾಲು ನೋಡುವಂತೆ. ಇಂಥ ಕಾಲನ್ನು ಆ ಮಗು ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುತ್ತದೆಯೇ ಎಂದು ಮಗಳ ಮೇಲೆ ತುಂಬ ಕನಿಕರವೂ ಅದಕ್ಕಿಂತ ಹೆಚ್ಚಾಗಿ ಗೌರವವೂ ಹುಟ್ಟಿತು. ಎದ್ದಳು. ಕಟ್ಟಡವನ್ನು ಸುತ್ತಿ ಹಿಂಬದಿಗೆ ಹೋದಳು, ಅಲ್ಲಿಂದ ಆ ಕಿಟಕಿ ಕಾಣುತ್ತಿರಲಿಲ್ಲ.

ಹಿಂಬದಿಯಲ್ಲಿ ಇನ್ನೊಂದು ಬೆಂಚು, ಬೆಂಚಿನ ಮೇಲೆ ಚಾಚಿದ ಮರ, ಮರದ ಮೇಲೆ ಒಂದೇ ಸಮನೆ ಜಗಳವಾಡುತ್ತಿದ್ದ ಹಕ್ಕಿಗಳು. ಮಾಲಿ ರಬ್ಬರ್ ಕೊಳವೆಯಲ್ಲಿ ನೀರು ಬಿಡುತ್ತಿದ್ದ. ಕೊಳವೆ ಎಲ್ಲಿಯೋ ಮಡಚಿಕೊಂಡು ನೀರು ನಿಂತಿತು, ಅವನು ಅದರ ಬಾಯಿ ಅಗಲಿಸಿ ಒಳಗೆ ನೋಡುತ್ತಿದ್ದಂತೆ ಮಡಿಕೆ ತಾನಾಗಿ ಬಿಚ್ಚಿ ಮುಖಕ್ಕೆ ರಾಚಿತು. ಅವಳು ಮುಖ ತಿರುಗಿಸಿಕೊಂಡು ನಕ್ಕಳು, ಅವನೂ ಒರೆಸಿಕೊಳ್ಳುತ್ತ ನಕ್ಕ. ಗೋಡೆಯ ಬದಿಗೆ ಇಬ್ಬರು ಗುಮಾಸ್ತರು ಊಟದ ಬಿಡುವಿನಲ್ಲಿ ಶಟಲ್ ಆಡುತ್ತ, ಕೋಳಿಪುಕ್ಕ ಗೆರೆಯ ಒಳಗೆ ಬಿತ್ತೋ ಹೊರಗೋ ಎಂದು ನೆಲ ನೋಡುತ್ತ ವಾದಿಸುತ್ತಿದ್ದರು. ಅಲ್ಲಿ ಗೆರೆಯೇ ಇರಲಿಲ್ಲ. ಅವಳಿಗೆ ಇದೆಲ್ಲ ಎಷ್ಟು ಚೆನ್ನಾಗಿದೆ ಎನಿಸಿತು. ಬಹಳ ದಿನಗಳಿಂದ ಅವಳು ಯಾವುದನ್ನೂ, ಅದು ಕೆಟ್ಟುಹೋಗುತ್ತದೆಯೋ ಏನೋ ಎಂಬ ಯೋಚನೆಯಿಲ್ಲದೆ ನೋಡಿರಲಿಲ್ಲ. ನೀರಿನ ಸದ್ದು ಇತ್ತು. ಎಲೆಗಳ ನೆರಳು ಮಡಿಲ ಮೇಲೆ ಅಲ್ಲಾಡುತ್ತಿತ್ತು. ಪೊಟ್ಟಣ ಬಿಚ್ಚಿ ಒಂದು ಟೊಮೆಟೊ ತೆಗೆದು, ಸೀರೆಯ ಸೆರಗಿಗೆ ಒರೆಸಿ ಕಚ್ಚಿದಳು. ರಸ ಮೊಣಕೈವರೆಗೆ ಇಳಿಯಿತು. ಹುಳಿ, ಸಿಹಿ, ಬಿಸಿಲು. ಬೀಳುವುದಾದರೆ ಈಗಾಗಲೇ ಬಿದ್ದಿರುತ್ತದೆ, ನಾನು ಇಲ್ಲಿರುವುದರಿಂದ ಬೀಳುವುದಿಲ್ಲ, ನಾನು ಇಲ್ಲಿರುವುದರಿಂದ ನಿಲ್ಲುವುದೂ ಇಲ್ಲ ಎಂದು ಯೋಚಿಸಿದಳು, ಆ ಯೋಚನೆಯ ಕೊನೆ ಸಿಗಲಿಲ್ಲ.

“ಏಳಿ,” ಎಂದು ಯಾರೋ ಹೇಳುತ್ತಿದ್ದರು. ಬೆಳಕು ಬೇರೆಯಾಗಿತ್ತು. ಹಕ್ಕಿಗಳಿರಲಿಲ್ಲ, ಮಾಲಿಯಿರಲಿಲ್ಲ, ನೆರಳು ಬೆಂಚು ಬಿಟ್ಟು ಗೋಡೆ ಹತ್ತಿತ್ತು. ಅವಳು ಬೆಂಚಿನ ಮೇಲೆ ಅಡ್ಡಡ್ಡ, ಚೀಲವನ್ನು ದಿಂಬು ಮಾಡಿಕೊಂಡು, ಬಾಯಿ ತೆರೆದುಕೊಂಡು ಮಲಗಿಬಿಟ್ಟಿದ್ದಳು. ಮೈಮೇಲೆ ಯಾರೋ ಒಂದು ಬಿಳಿ ಕೋಟು ಹೊದಿಸಿದ್ದರು. ಹತ್ತಿರದಲ್ಲಿ ಅಳತೆಯಮ್ಮ ಕೋಟಿಲ್ಲದೆ ನಿಂತಿದ್ದರು. ಕೋಟಿಲ್ಲದೆ ಅವರು ಯಾರದೋ ಚಿಕ್ಕಮ್ಮನ ಹಾಗೆ ಕಂಡರು. ಅವಳು ಎದ್ದು ಕೂರುತ್ತ, “ಬಿತ್ತಾ?” ಎಂದು ಕೇಳಿದಳು.

“ನೀವೊಬ್ರೇ ಬಿದ್ದಿದ್ದು,” ಎಂದರು ಅಳತೆಯಮ್ಮ. “ಗೊರಕೆ ಬೇರೆ.”

ಅವಳು ಕೆನ್ನೆ ಮುಟ್ಟಿಕೊಂಡಳು, ಚೀಲದ ಜಿಪ್ಪಿನ ಹಲ್ಲು ಅಲ್ಲಿ ಅಚ್ಚಾಗಿತ್ತು. ಇಡೀ ಅಳತೆ, ಮೊದಲಿಂದ ಕೊನೆಯವರೆಗೆ, ಮುಗಿದಿತ್ತು. ಅದು ನಡೆದಷ್ಟು ಹೊತ್ತೂ ಅವಳು, ತಿಂಗಳುಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು, ಗೊರಕೆ ಹೊಡೆಯುತ್ತಿದ್ದಳು. ಅವಳು ಅಳುತ್ತಾಳೆ ಎಂದು ಅಳತೆಯಮ್ಮನಿಗೆ ಅನಿಸಿರಬೇಕು, ಒಂದು ಹೆಜ್ಜೆ ಹಿಂದೆ ಹೋದರು. ಅವಳು ನಗುತ್ತಿದ್ದಳು. ಸ್ವಲ್ಪ ಅಳುತ್ತಲೂ ಇದ್ದಳು. ಪೊಟ್ಟಣ ಮುಂದೆ ಚಾಚಿದಳು. ಅಳತೆಯಮ್ಮ ಅದರೊಳಗೆ ಇಣುಕಿ, ಹಣ್ಣುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಗಾತ್ರದಲ್ಲಿ ಸರಿಯಾದದ್ದೊಂದನ್ನು ಆರಿಸಿಕೊಂಡರು. ಮೆಟ್ಟಿಲು ಹತ್ತುವಾಗ, ಉಳಿದ ಪೆಟ್ಟಿಗೆಗಳನ್ನೂ ಹೀಗೇ ಮಾಡಿಕೊಡಲು ಎಷ್ಟು ದಿನ ಬೇಕು ಎಂದು ಕೇಳಿದರು. ಕೈಯಲ್ಲಿ ಹೀಗೆ ಕತ್ತರಿಸಿ ಕೂರಿಸುವುದಿಲ್ಲ, ಹೊಸ ಬೋರ್ಡು ಬರೆಯುತ್ತೇನೆ, ಅದರಲ್ಲಿ ಇದಕ್ಕೆ ಸರಿಯಾದ ಜಾಗ ಇರುತ್ತದೆ ಎಂದಳು. “ಇ,” ಎಂದರು ಅಳತೆಯಮ್ಮ. “ಇ,” ಎಂದಳು ಅವಳೂ.

ಲ್ಯಾಬಿನಲ್ಲಿ ದೀಪ ಹಾಕಿದ್ದರು. ರೀಸ್ಟಾರ್ಟ್ ಆಗಲೇ ಹೊರಡಲು ಸಿದ್ಧನಾಗಿ, ಖಾಲಿ ಫ್ಲಾಸ್ಕು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಪರದೆಯ ಮೇಲೆ ಸಂಖ್ಯೆಗಳು ಇನ್ನೂ ಬರುತ್ತಿದ್ದವು. ಅವಳು ತಿರುಗಿ ಅಳತೆಯಮ್ಮನ ಮುಖ ನೋಡಿದಳು. ಅದು ನಾಳೆ ಮಾಡಬೇಕಾಗಿದ್ದ ಅಳತೆ ಎಂದು ಅವರು ಟೊಮೆಟೊವನ್ನು ಮೇಜಿನ ತುದಿಯಲ್ಲಿ ಉರುಳದಂತೆ ಇಡುತ್ತ ಹೇಳಿದರು. ಹೇಗೂ ನಡೀತಿದೆಯಲ್ಲ, ಹಚ್ಚಿಬಿಟ್ಟೆ, ನಾವು ಮನೆಗೆ ಹೋದ ಮೇಲೂ ಅದರ ಪಾಡಿಗೆ ಅದು ಮಾಡಿಕೊಳ್ಳಲಿ. ಅವಳು ಪೆಟ್ಟಿಗೆಯ ಹತ್ತಿರ ಹೋದಳು. ಕೈಗಳನ್ನು ಹಿಂದೆ ಕಟ್ಟಿಕೊಂಡಳು, ಆಮೇಲೆ ಅದರ ಅಗತ್ಯವೂ ಇಲ್ಲವೆಂದು ಬಿಟ್ಟಳು. ಹಸಿರು ದೀಪ ಮಿಟುಕಿತು, ಸಂಖ್ಯೆ ಬಂತು, ಮಿಟುಕಿತು, ಬಂತು. ಅವಳು ಬಂದದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

“ಹೋಗೋಣ್ವಾ?” ಎಂದ ರೀಸ್ಟಾರ್ಟ್. “ಇನ್ನೂ ಏನ್ ನೋಡ್ತಿದೀರಿ?”

“ಏನಿಲ್ಲ,” ಎಂದಳು ಅವಳು. “ಸುಮ್ನೆ. ಚೆನ್ನಾಗಿದೆ.”